‘ಏಂಟ್’ ತಪ್ಪು, ‘ಆರಂಟ್ ಐ’ ಸರಿ: ಇದ್ಯಾವ ನ್ಯಾಯ?

ಪುಣೆಯಲ್ಲಿರುವ ಕನ್ನಡಿಗನಿಗೆ ದಿನಕ್ಕೆ ಮೂರು ಭಾಷೆಯಲ್ಲಿ ತಿದ್ದಿಸಿಕೊಳ್ಳುವ ಯೋಗ. ಬೆಳಿಗ್ಗೆ ಎದ್ದು ಪಕ್ಕದ ಮನೆಯ ಕಾಕೂನ ‘ಪಾನಿ ಆಲಾ ಕಾ?’ ಅಂತ ಕೇಳಿದರೆ ನೀರಿನ ಸುದ್ದಿಗಿಂತ ಮೊದಲು ಪಾಠ ಬರುತ್ತದೆ: ‘ಪಾನಿ ನಾಹೀ, ಪಾಣೀ. ಆಣಿ ಆಲಾ ನಾಹೀ, ಆಲಂ.’ ಮಧ್ಯಾಹ್ನ ಆಫೀಸಿನಲ್ಲಿ ಕ್ಲೈಂಟಿಗೆ ಹೋಗುವ ಮೇಲ್‌ನಲ್ಲಿ ‘ಗೊನ್ನಾ’ ಅಂತ ಬರೆದಿದ್ದಕ್ಕೆ ಮ್ಯಾನೇಜರ್ ಕೆಂಪು ಗೆರೆ ಎಳೆಯುತ್ತಾರೆ. ರಾತ್ರಿ ಮೈಸೂರಿನ ನೆಂಟರಿಗೆ ಫೋನ್ ಹಚ್ಚಿ ‘ಏನ್ ಮಾಡಾಕತ್ತೀರಿ?’ ಅಂದರೆ ಆ ಕಡೆಯಿಂದ ಕಿಸಕ್ಕನೆ ನಗು.

ಮೂರರಲ್ಲಿ ನಮಗೆ ಜಾಸ್ತಿ ಭಯ ಇಂಗ್ಲಿಷಿನದ್ದು. ಮರಾಠಿ ತಪ್ಪಿದರೆ ಕಾಕೂ ನಗುತ್ತಾರೆ, ಕನ್ನಡ ತಪ್ಪಿದರೆ ನೆಂಟರು ನಗುತ್ತಾರೆ. ಇಂಗ್ಲಿಷ್ ತಪ್ಪಿದರೆ ಮಕ್ಕಳ ಮಾರ್ಕ್ಸು, ನಮ್ಮ ಪ್ರಮೋಷನ್ನು ಎರಡಕ್ಕೂ ಪೆಟ್ಟು. ಹಾಗಾಗಿ ‘ಗೊನ್ನಾ’ (ಗೋಯಿಂಗ್ ಟು), ‘ವಾನಾ’ (ವಾಂಟ್ ಟು), ‘ಏಂಟ್’ (ಆಮ್ ನಾಟ್, ಆರ್ ನಾಟ್), ‘ಯಾಲ್’ (ಯು ಆಲ್), ‘ಇನಿಟ್’ (ಇಸಂಟ್ ಇಟ್) ಅನ್ನುವ ಈ ಪುಂಡ ಮಾತುಗಳ ಬಗ್ಗೆ ಸ್ವಲ್ಪ ವಿವರವಾಗಿ ನೋಡೋಣ. ಇವು ಎಲ್ಲಿಂದ ಬಂದವು, ಇವನ್ನು ತಪ್ಪು ಅಂದವರು ಯಾರು, ನಿಜಕ್ಕೂ ತಪ್ಪಾ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇವು ನಿಯಮವಿಲ್ಲದ ಮಾತುಗಳಲ್ಲ. ಇವುಗಳ ನಿಯಮ ಎಷ್ಟು ಬಿಗಿ ಅಂದರೆ, ಶಾಲೆಯ ವ್ಯಾಕರಣದ ಪುಸ್ತಕದಲ್ಲಿರುವ ಎಷ್ಟೋ ನಿಯಮಗಳಿಗೆ ಆ ಬಿಗಿ ಇಲ್ಲ.

ಇಂಗ್ಲಿಷಿನಲ್ಲಿ ಮೊಟಕು ಮಾಡಿದ ಮಾತುಗಳಿಗೆ ಎರಡು ಪಂಕ್ತಿ. ‘ಡೋಂಟ್’, ‘ಕಾಂಟ್’, ‘ಐಲ್’, ‘ಹೀಸ್’ ಒಳಗಿನ ಪಂಕ್ತಿ. ಪತ್ರಿಕೆಯಲ್ಲಿ, ಕಥೆಯಲ್ಲಿ ಅವಕ್ಕೆ ಎಲೆ ಹಾಕುತ್ತಾರೆ. ‘ಗೊನ್ನಾ’, ‘ಏಂಟ್’, ‘ಯಾಲ್’ ಹೊರಗಿನ ಪಂಕ್ತಿ. ಮೊದಲಿನವು ಶಿಸ್ತಾಗಿ ಮೊಟಕಾಗಿವೆ, ಎರಡನೆಯವು ಬಾಯಿ ಸೋಮಾರಿತನದಿಂದ ಆದವು ಅಂತ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಆದರೆ ‘ವೋಂಟ್’ ತೆಗೆದುಕೊಳ್ಳಿ. ‘ವಿಲ್ ನಾಟ್’ ಮೊಟಕಾದರೆ ‘ವಿಲಂಟ್’ ಆಗಬೇಕಿತ್ತು, ಅಲ್ವಾ? ‘ವೋಂಟ್’ ಹೇಗಾಯಿತು? ಹಳೆಯ ಇಂಗ್ಲೆಂಡಿನಲ್ಲಿ ‘ವಿಲ್’ಗೆ ‘ವೋಲ್’ ಅನ್ನುವ ಇನ್ನೊಂದು ರೂಪವೂ ಓಡಾಡುತ್ತಿತ್ತು. ಆ ‘ವೋಲ್’ ಹೋಯಿತು, ಅದರ ಮೊಟಕು ಮಾತ್ರ ಉಳಿಯಿತು. ‘ಶಾಂಟ್’ ಕೂಡ ಹಾಗೇ, ‘ಶಾಲ್ ನಾಟ್’ನಿಂದ ಎರಡು ಕಡೆ ಅಕ್ಷರ ಉದುರಿಸಿಕೊಂಡು ಬಂದದ್ದು. ಇಷ್ಟು ಅಡ್ಡಾದಿಡ್ಡಿಯಾದ ‘ವೋಂಟ್’ಗೆ ಒಳಗೆ ಎಲೆ, ‘ಗೋಯಿಂಗ್ ಟು’ನಿಂದ ನೆಟ್ಟಗೆ ಬಂದ ‘ಗೊನ್ನಾ’ಗೆ ಹೊರಗೆ.

ನಮ್ಮಲ್ಲಿ ಇದೇ ಕೆಲಸಕ್ಕೆ ಮಾರ್ಕ್ಸು ಕೊಡುತ್ತಾರೆ. ಎಂಟನೇ ಕ್ಲಾಸಿನ ಕನ್ನಡ ಪುಸ್ತಕ ತೆಗೆಯಿರಿ. ಊರು ಮತ್ತು ಅಲ್ಲಿ ಸೇರಿದರೆ ಊರಲ್ಲಿ, ಮಾತು ಮತ್ತು ಇಲ್ಲ ಸೇರಿದರೆ ಮಾತಿಲ್ಲ. ನಡುವೆ ಒಂದು ಸ್ವರ ಬಿದ್ದುಹೋಯಿತು, ಅದಕ್ಕೆ ಲೋಪಸಂಧಿ ಅಂತ ಹೆಸರು. ‘ಬರುತ್ತಿದ್ದೇನೆ’ ಅಂತ ನಾವು ಅಚ್ಚುಕಟ್ಟಾಗಿ ಬರೆಯುವ ಮಾತೂ ‘ಬರುತ್ತ’ ಮತ್ತು ‘ಇದ್ದೇನೆ’ ಒಂದಕ್ಕೊಂದು ಅಂಟಿ ಆದದ್ದೇ. ಸ್ವರ ಬೀಳುವುದನ್ನು ನಮ್ಮ ವೈಯಾಕರಣರು ಸೋಮಾರಿತನ ಅನ್ನಲಿಲ್ಲ. ಎಲ್ಲಿ ಬೀಳುತ್ತದೆ, ಎಲ್ಲಿ ಬೀಳುವುದಿಲ್ಲ ಅಂತ ಕೂತು ನೋಡಿ ಬರೆದಿಟ್ಟರು. ಮರಾಠಿಯವರೂ ಅಷ್ಟೇ. ‘ಕರತೋ ಆಹೇ’ ಅನ್ನುವುದು ‘ಕರತೋಯ್’ ಆಗಿದೆ, ಪುಣೆಯ ಸದಾಶಿವ ಪೇಠೆಯ ಅತಿ ಶುದ್ಧ ಮರಾಠಿಯವರೂ ದಿನವಿಡೀ ‘ಕರತೋಯ್’ ಅನ್ನುತ್ತಾರೆ. ಪಾಣೀಗೆ ಪಾನಿ ಅಂದರೆ ಮಾತ್ರ ಬಿಡುವುದಿಲ್ಲ!

ಈಗ ‘ಗೊನ್ನಾ’ ಒಳಗೆ ಇಳಿಯೋಣ. ‘ಐ ಆಮ್ ಗೋಯಿಂಗ್ ಟು ಈಟ್’ ಅನ್ನುವುದನ್ನು ‘ಐಮ್ ಗೊನ್ನಾ ಈಟ್’ ಅನ್ನಬಹುದು. ‘ಐ ಆಮ್ ಗೋಯಿಂಗ್ ಟು ಮುಂಬೈ’ ಅನ್ನುವುದನ್ನು ‘ಐಮ್ ಗೊನ್ನಾ ಮುಂಬೈ’ ಅನ್ನಲು ಬರುವುದಿಲ್ಲ. ಎಷ್ಟೇ ಕಡಿಮೆ ಓದಿದ ಅಮೆರಿಕನ್ನನೂ, ಎಷ್ಟೇ ಸೋಮಾರಿಯೂ ಹಾಗೆ ಅನ್ನುವುದಿಲ್ಲ. ಯಾಕೆ? ಮೊದಲ ವಾಕ್ಯದಲ್ಲಿ ಯಾರೂ ಎಲ್ಲಿಗೂ ಹೋಗುತ್ತಿಲ್ಲ. ಅಲ್ಲಿ ‘ಗೋಯಿಂಗ್’ ತನ್ನ ಹಳೆಯ ಅರ್ಥ ಕಳೆದುಕೊಂಡು, ಮುಂದೆ ಆಗುವುದನ್ನು ಹೇಳುವ ಒಂದು ಸಹಾಯಕ ಪದವಾಗಿದೆ. ಅರ್ಥ ಸವೆದಲ್ಲಿ ಉಚ್ಚಾರವೂ ಸವೆಯುತ್ತದೆ. ಎರಡನೆಯ ವಾಕ್ಯದಲ್ಲಿ ನಿಜವಾಗಿಯೂ ಹೊರಟಿದ್ದೇವೆ, ಡೆಕ್ಕನ್ ಕ್ವೀನ್ ರೈಲು ಹತ್ತಬೇಕು. ಅಲ್ಲಿ ‘ಗೋಯಿಂಗ್’ಗೆ ಪೂರ್ತಿ ಅರ್ಥ ಇದೆ, ಪೂರ್ತಿ ಉಚ್ಚಾರವೂ ಬೇಕು.

ಧಾರವಾಡ, ಗದಗ, ವಿಜಯಪುರ ಕಡೆಯಿಂದ ಇಲ್ಲಿಗೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಬಾಯಲ್ಲೇ ಇದೆ. ‘ಮಾಡಲಿಕ್ಕೆ ಹತ್ತಿದ್ದೇನೆ’ ಅನ್ನುವುದು ‘ಮಾಡ್ಲಿಕ್ಕತ್ತೀನಿ’ ಆಗಿ, ಆಮೇಲೆ ‘ಮಾಡಾಕತ್ತೀನಿ’ ಆಗಿದೆ. ಇಲ್ಲಿ ‘ಹತ್ತು’ ಅಂದರೆ ಮೇಲೇರುವುದಲ್ಲ. ಕೆಲಸ ನಡೆಯುತ್ತಾ ಇದೆ ಅನ್ನುವುದಕ್ಕೆ ಅದೊಂದು ಗುರುತು, ಅದಕ್ಕೇ ಅದರ ‘ಹ’ ಬಿದ್ದುಹೋಗಿದೆ. ನಿಜವಾಗಿ ಏರುವ ‘ಹತ್ತು’ ಬಂದರೆ ‘ಹ’ ಬೀಳುವುದಿಲ್ಲ. ಭಾನುವಾರ ಬೆಳಿಗ್ಗೆ ಸಿಂಹಗಡದ ಮೆಟ್ಟಿಲಲ್ಲಿ ನಿಂತು ಊರಿನ ಗೆಳೆಯನಿಗೆ ಫೋನ್ ಮಾಡಿದವನು ಏನನ್ನುತ್ತಾನೆ? ‘ಸಿಂಹಗಡ ಹತ್ತಾಕತ್ತೀನಿ, ಆಮ್ಯಾಲೆ ಮಾತಾಡ್ತೀನಿ.’ ಒಂದೇ ಮಾತಿನಲ್ಲಿ ಎರಡು ‘ಹತ್ತು’. ಮೊದಲನೆಯದು ಗಟ್ಟಿಯಾಗಿ ನಿಂತಿದೆ, ಎರಡನೆಯದು ಸವೆದು ಬಾಲವಾಗಿದೆ. ಇಂಗ್ಲಿಷಿನವರು ‘ಐಮ್ ಗೊನ್ನಾ ಗೋ’ ಅನ್ನುವಾಗಲೂ ಎರಡು ‘ಗೋ’ ಇವೆ, ಒಂದು ಸವೆದದ್ದು, ಒಂದು ಸವೆಯದ್ದು. ಯಾವ ಮೇಷ್ಟರೂ ಇದನ್ನು ಕಲಿಸಿಲ್ಲ. ಮೂರು ವರ್ಷದ ಮಗುವೂ ಇದನ್ನು ತಪ್ಪುವುದಿಲ್ಲ.

‘ವಾನಾ’ ಇನ್ನೂ ಸ್ವಾರಸ್ಯ. ಕ್ರಿಕೆಟ್ ಮ್ಯಾಚ್ ಅಂದುಕೊಳ್ಳಿ. ‘ಹೂ ಡು ಯು ವಾಂಟ್ ಟು ಬೀಟ್?’ ಅಂದರೆ ನೀನು ಯಾರನ್ನು ಸೋಲಿಸಬೇಕು ಅಂತಿದ್ದೀಯ ಅಂತ. ಇಲ್ಲಿ ‘ವಾನಾ ಬೀಟ್’ ಅನ್ನಬಹುದು. ‘ಹೂ ಡು ಯು ವಾಂಟ್ ಟು ವಿನ್?’ ಅಂದರೆ ಯಾರು ಗೆಲ್ಲಬೇಕು ಅಂತ ನಿನ್ನ ಆಸೆ ಅಂತ. ಇಲ್ಲಿ ಬಹುತೇಕ ಇಂಗ್ಲಿಷ್ ಮಾತೃಭಾಷೆಯವರ ಬಾಯಿಗೆ ‘ವಾನಾ ವಿನ್’ ಬರುವುದೇ ಇಲ್ಲ. ಮೊದಲನೆಯದರಲ್ಲಿ ಬಯಸುವವನೂ ಸೋಲಿಸುವವನೂ ಒಬ್ಬನೇ. ಎರಡನೆಯದರಲ್ಲಿ ಬಯಸುವವನು ನೀನು, ಗೆಲ್ಲುವವನು ಬೇರೆಯವನು. ಆ ಬೇರೆಯವನ ಜಾಗ ‘ವಾಂಟ್’ ಮತ್ತು ‘ಟು’ ನಡುವೆ ಇತ್ತು. ಪ್ರಶ್ನೆ ಮಾಡುವಾಗ ಅವನನ್ನು ಎತ್ತಿ ವಾಕ್ಯದ ಮುಂದೆ ತಂದಿದ್ದೇವೆ, ಆದರೂ ಅವನ ಖಾಲಿ ಜಾಗ ಅಲ್ಲೇ ಉಳಿದಿದೆ, ಎರಡು ಪದ ಅಂಟುವುದನ್ನು ತಡೆಯುತ್ತದೆ. ಭಾಷಾವಿಜ್ಞಾನಿಗಳು ಈ ಒಂದು ‘ವಾನಾ’ ಇಟ್ಟುಕೊಂಡು ಎಷ್ಟೋ ವರ್ಷ ಜಗಳ ಆಡಿದ್ದಾರೆ. ಸೋಮಾರಿಗಳ ಮಾತಿಗೆ ಇಷ್ಟು ಸೂಕ್ಷ್ಮ ಇರಲು ಸಾಧ್ಯವಾ, ನೀವೇ ಹೇಳಿ.

ಎಲೆ ಹಾಕಿಸಿಕೊಂಡ ಮೊಟಕುಗಳಿಗೂ ಇಂಥದ್ದೇ ಗುಟ್ಟಿನ ನಿಯಮಗಳಿವೆ. ‘ಕುಡಂಟ್ ಯು ಕಮ್?’ ಅನ್ನುವುದು ಸಹಜ ಇಂಗ್ಲಿಷ್. ಇದನ್ನು ಬಿಡಿಸಿ ‘ಕುಡ್ ನಾಟ್ ಯು ಕಮ್?’ ಅಂದರೆ ಇವತ್ತು ಯಾರೂ ಒಪ್ಪುವುದಿಲ್ಲ, ‘ಕುಡ್ ಯು ನಾಟ್ ಕಮ್?’ ಅನ್ನಬೇಕು. ಮೊಟಕು ಅಂದರೆ ಬಿಡಿಸಿದಾಗ ಮೊದಲಿನದ್ದೇ ಬರಬೇಕು ತಾನೇ? ಬರುತ್ತಿಲ್ಲ. ಆರ್ನಾಲ್ಡ್ ಜ್ವಿಕಿ ಮತ್ತು ಜೆಫ್ರಿ ಪುಲಮ್ ಅನ್ನುವ ಇಬ್ಬರು ಭಾಷಾವಿಜ್ಞಾನಿಗಳು 1983ರಲ್ಲಿ ಇದನ್ನೇ ಹಿಡಿದು, ಈ ‘ಂಟ್’ ಈಗ ‘ನಾಟ್’ನ ಮೊಟಕಾಗಿ ಉಳಿದಿಲ್ಲ, ಕ್ರಿಯಾಪದಕ್ಕೆ ಹತ್ತುವ ಒಂದು ಪ್ರತ್ಯಯವೇ ಆಗಿಬಿಟ್ಟಿದೆ ಎಂದು ವಾದಿಸಿದರು.

‘ಹೀಸ್ ಮೈ ಬ್ರದರ್’ ಅನ್ನಬಹುದು. ‘ಐ ನೋ ವೇರ್ ಹಿ ಇಸ್’ ಅನ್ನುವಲ್ಲಿ ಕೊನೆಗೆ ‘ಹೀಸ್’ ಅಂತ ಮೊಟಕು ಮಾಡಲು ಬರುವುದಿಲ್ಲ. ಇದರ ಹಿಂದೆ ಒಂದು ದೊಡ್ಡ ಕಥೆ ಇದೆ. 1960ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ವಿಲಿಯಂ ಲಬೋವ್ ಅನ್ನುವ ಭಾಷಾವಿಜ್ಞಾನಿ ಕಪ್ಪು ಹುಡುಗರ ಮಾತನ್ನು ರೆಕಾರ್ಡ್ ಮಾಡಿಕೊಂಡರು. ಆ ಹುಡುಗರು ‘ಹಿ ಮೈ ಬ್ರದರ್’ ಅನ್ನುತ್ತಿದ್ದರು, ನಡುವಿನ ‘ಇಸ್’ ಮಾಯ. ಇವರಿಗೆ ವ್ಯಾಕರಣವೇ ಇಲ್ಲ ಅಂತ ಆಗಿನ ಕೆಲವು ಶಿಕ್ಷಣ ತಜ್ಞರು ಬರೆಯುತ್ತಿದ್ದರು. ಲಬೋವ್ 1969ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದ್ದೇ ಬೇರೆ. ಶಿಷ್ಟ ಇಂಗ್ಲಿಷಿನವರು ಎಲ್ಲೆಲ್ಲಿ ‘ಇಸ್’ ಅನ್ನು ಮೊಟಕು ಮಾಡಬಲ್ಲರೋ ಅಲ್ಲಲ್ಲಿ ಈ ಹುಡುಗರು ಅದನ್ನು ಪೂರ್ತಿ ಬಿಡಬಲ್ಲರು. ಎಲ್ಲಿ ಅವರು ಮೊಟಕು ಮಾಡಲಾರರೋ ಅಲ್ಲಿ ಇವರೂ ಬಿಡುವುದಿಲ್ಲ. ಹಾರ್ಲೆಮ್‌ನ ಹುಡುಗನೂ ‘ಐ ನೋ ವೇರ್ ಹಿ ಇಸ್’ ಅಂತ ಪೂರ್ತಿ ಹೇಳುತ್ತಾನೆ. ಅಂದರೆ ಎರಡೂ ಒಂದೇ ನಿಯಮ, ಒಂದು ಹೆಜ್ಜೆ ಮುಂದೆ ಹೋಗಿದೆ ಅಷ್ಟೆ. ನಮಗಂತೂ ಇದರಲ್ಲಿ ವಿಚಿತ್ರವೇ ಕಾಣುವುದಿಲ್ಲ. ‘ಅವನು ನನ್ನ ತಮ್ಮ’ ಅನ್ನುವಾಗ ನಾವು ಯಾವ ‘ಇಸ್’ ಹಾಕುತ್ತೇವೆ?

ಈ ಮಾತು ಕೋರ್ಟಿಗೂ ಹೋಯಿತು. 1979ರಲ್ಲಿ ಮಿಶಿಗನ್ ರಾಜ್ಯದ ಆ್ಯನ್ ಆರ್ಬರ್ ಊರಿನ ಕಪ್ಪು ಮಕ್ಕಳ ಪರವಾಗಿ ತೀರ್ಪು ಬಂತು. ಮಕ್ಕಳ ಮನೆಮಾತು ಯಾವುದು ಅಂತ ಗುರುತಿಸಿ, ಅದನ್ನು ಗಮನದಲ್ಲಿಟ್ಟು ಶಿಷ್ಟ ಇಂಗ್ಲಿಷ್ ಓದುವುದನ್ನು ಕಲಿಸಬೇಕು, ಅದಕ್ಕೆ ಶಿಕ್ಷಕರನ್ನು ತಯಾರು ಮಾಡಬೇಕು ಅಂತ ನ್ಯಾಯಾಧೀಶರು ಶಾಲೆಯ ಆಡಳಿತಕ್ಕೆ ಹೇಳಿದರು. ಲಬೋವ್ ಅಲ್ಲಿ ಸಾಕ್ಷಿ ಹೇಳಿದ್ದರು.

ಹಾಗಾದರೆ ಇದನ್ನೆಲ್ಲ ತಪ್ಪು ಅಂದದ್ದು ಯಾರು? ಇಂಗ್ಲಿಷಿಗೆ ಯಾವ ಸರ್ಕಾರಿ ಅಕಾಡೆಮಿಯೂ ಇಲ್ಲ. ಫ್ರೆಂಚರಿಗೆ 1635ರಿಂದಲೂ ಇದೆ. ಇಂಗ್ಲಿಷಿಗೂ ಅಂಥದ್ದೊಂದು ಬೇಕು ಅಂತ ಹಟ ಹಿಡಿದವರಲ್ಲಿ ‘ಗಲಿವರ್ಸ್ ಟ್ರಾವೆಲ್ಸ್’ ಬರೆದ ಜೊನಾಥನ್ ಸ್ವಿಫ್ಟ್ ಮುಖ್ಯ. 1710ರಲ್ಲಿ ಆತ ಒಂದು ಪತ್ರಿಕೆಯಲ್ಲಿ ಮೊಟಕು ಮಾತುಗಳ ಮೇಲೆ ಹರಿಹಾಯ್ದ. ‘ಕುಡಂಟ್’, ‘ಹ್ಯಾಂಟ್’ (ಹ್ಯಾವ್ ನಾಟ್) ಅಂಥವನ್ನೇ ತುಂಬಿದ ಒಂದು ಅಣಕು ಪತ್ರ ಬರೆದು, ನೋಡಿ ನಮ್ಮ ಭಾಷೆ ಎಲ್ಲಿಗೆ ಬಂತು ಅಂದ. ಲ್ಯಾಟಿನ್ನಿನ ‘ಮೊಬಿಲೆ’ಯನ್ನು ಕತ್ತರಿಸಿ ಮಾಡಿದ ‘ಮಾಬ್’ ಅನ್ನುವ ಪದದ ಮೇಲೂ ಆತನಿಗೆ ಸಿಟ್ಟು. ಎರಡು ವರ್ಷ ಬಿಟ್ಟು, 1712ರಲ್ಲಿ, ಭಾಷೆಯನ್ನು ತಿದ್ದಿ ಗಟ್ಟಿ ಮಾಡುವ ಒಂದು ಮಂಡಳಿ ಬೇಕು ಅಂತ ಖಜಾನೆಯ ಮಂತ್ರಿಗೆ ಪ್ರಸ್ತಾವ ಸಲ್ಲಿಸಿದ. ಅದು ಆಗಲಿಲ್ಲ. ‘ಮಾಬ್’ ಇವತ್ತು ಯಾವ ಪತ್ರಿಕೆಯ ಮುಖಪುಟದಲ್ಲೂ ಬರುತ್ತದೆ, ‘ಕುಡಂಟ್’ ಬಗ್ಗೆ ಯಾರಿಗೂ ತಕರಾರಿಲ್ಲ. ತಮಾಷೆ ಅಂದರೆ, ಅದೇ ವರ್ಷಗಳಲ್ಲಿ ಈ ಸ್ವಿಫ್ಟ್ ತನ್ನ ಆಪ್ತ ಗೆಳತಿಗೆ ಬರೆದ ಖಾಸಗಿ ಪತ್ರಗಳು ಉಳಿದುಕೊಂಡಿವೆ. ಅವುಗಳ ತುಂಬ ಮೊಟಕು ಮಾತು, ಜೊತೆಗೆ ತೊದಲು ಮಾತು!

1755ರಲ್ಲಿ ದೊಡ್ಡ ನಿಘಂಟು ತಂದ ಸ್ಯಾಮ್ಯುಯೆಲ್ ಜಾನ್ಸನ್‌ಗೆ ಬುದ್ಧಿ ಜಾಸ್ತಿ. ನುಡಿಗೆ ಸರಪಳಿ ಹಾಕುವುದೂ ಗಾಳಿಗೆ ಚಾಟಿಯಿಂದ ಹೊಡೆಯುವುದೂ ಒಂದೇ ಅಂತ ಮುನ್ನುಡಿಯಲ್ಲೇ ಬರೆದುಬಿಟ್ಟ. ಆದರೆ ವ್ಯಾಕರಣದ ಪುಸ್ತಕ ಬರೆಯುವವರು ನಿಲ್ಲಲಿಲ್ಲ. 1762ರಲ್ಲಿ ರಾಬರ್ಟ್ ಲೌತ್ ಅನ್ನುವ ಪಾದ್ರಿ, ಮುಂದೆ ಲಂಡನ್ನಿನ ಬಿಷಪ್ ಆದವರು, ಒಂದು ಸಣ್ಣ ವ್ಯಾಕರಣ ಬರೆದರು. ಎರಡು ನಿಷೇಧ ಸೇರಿದರೆ ಹೌದು ಅಂತಾಗುತ್ತದೆ ಅನ್ನುವ ನಿಯಮ ಆ ಪುಸ್ತಕದ ಮೂಲಕ ಶಾಲೆ ಶಾಲೆಗೆ ಹೋಯಿತು. ‘ಐ ಏಂಟ್ ಗಾಟ್ ನೋ ಮನಿ’ ಅಂದವನ ಹತ್ತಿರ ದುಡ್ಡಿದೆ ಅಂತ ತಿಳಿದು ಸಾಲ ಕೇಳಿದವರು ಯಾರಾದರೂ ಇದ್ದಾರಾ? ಲೌತ್ ಪೂರ್ತಿ ಮಡಿವಂತರೇನೂ ಅಲ್ಲ. ವಾಕ್ಯದ ಕೊನೆಗೆ ‘ಟು’, ‘ವಿತ್’ ಅಂಥವು ಬರುವುದು ನಮ್ಮ ಭಾಷೆಗೆ ಬಲು ಇಷ್ಟದ ರೂಢಿ ಅಂತ ಬರೆದು, ಆ ಮಾತನ್ನೇ ‘ಟು’ ಇಂದ ಮುಗಿಸಿದ್ದಾರೆ. ಚೇಷ್ಟೆಯೋ ಏನೋ.

ಈ ಎಲ್ಲ ಗಲಾಟೆಯ ನಡುವೆ ಏಟು ತಿಂದದ್ದು ‘ಏಂಟ್’. ಇದರ ಮೂಲ ‘ಆಮ್ ನಾಟ್’, ‘ಆರ್ ನಾಟ್’. 17ನೇ ಶತಮಾನದ ಕೊನೆಯ ಇಂಗ್ಲಿಷ್ ನಾಟಕಗಳಲ್ಲಿ ‘ಆಂಟ್’ ಅಂತ ಕಾಣಿಸಿಕೊಂಡಿತು, ಮುಂದಿನ ಶತಮಾನದಲ್ಲಿ ‘ಏಂಟ್’ ಆಯಿತು. ಆಗ ಅದು ಕೂಲಿಗಳ ಮಾತೂ ಹೌದು, ಜಮೀನ್ದಾರರ ಮಾತೂ ಹೌದು. 19ನೇ ಶತಮಾನದಲ್ಲಿ ಕಾದಂಬರಿಕಾರರು ಅದನ್ನು ಬಡವರ ಬಾಯಲ್ಲೇ ಜಾಸ್ತಿ ಇಟ್ಟರು, ಮೇಷ್ಟರುಗಳು ಬೆತ್ತ ಹಿಡಿದರು, ಅದು ಕೇರಿಯ ಮಾತಾಯಿತು. ಆದರೆ ಅದು ಹೋದ ಮೇಲೆ ಒಂದು ತೂತು ಉಳಿಯಿತು. ‘ಇಸ್ ನಾಟ್’ಗೆ ‘ಇಸಂಟ್’ ಇದೆ, ‘ಆರ್ ನಾಟ್’ಗೆ ‘ಆರಂಟ್’ ಇದೆ. ‘ಆಮ್ ನಾಟ್’ಗೆ? ಐರ್ಲೆಂಡ್, ಸ್ಕಾಟ್‌ಲೆಂಡ್‌ನಲ್ಲಿ ‘ಆಮಂಟ್’ ಅನ್ನುತ್ತಾರೆ. ಉಳಿದವರಿಗೆ ಅದು ಬಾಯಿಗೆ ಹತ್ತಲಿಲ್ಲ. ಅವರು ‘ಆರಂಟ್ ಐ?’ ಅನ್ನತೊಡಗಿದರು. ದಕ್ಷಿಣ ಇಂಗ್ಲೆಂಡಿನವರು ಇಂಥ ಕಡೆ ‘ರ್’ ಉಚ್ಚರಿಸುವುದಿಲ್ಲವಲ್ಲ, ಹಾಗಾಗಿ ಹಳೆಯ ‘ಆಂಟ್’ ಮತ್ತು ‘ಆರಂಟ್’ ಅವರ ಕಿವಿಗೆ ಒಂದೇ. ಕಾಗುಣಿತ ಮಾತ್ರ ‘ಆರಂಟ್’ದು ಬಂತು.

ಈಗ ಕಟ್ಟುನಿಟ್ಟಾಗಿ ನೋಡಿ. ‘ಆರಂಟ್ ಐ’ ಬಿಡಿಸಿದರೆ ‘ಐ ಆರ್ ನಾಟ್’. ಒಂದನೇ ಕ್ಲಾಸಿನ ಮಗು ‘ಐ ಆರ್’ ಅಂದರೆ ಕಿವಿ ಹಿಂಡುತ್ತಾರೆ, ಆದರೆ ‘ಆರಂಟ್ ಐ’ ಅಂದರೆ ಆಹಾ ಎಂಥ ಸೊಗಸಾದ ಇಂಗ್ಲಿಷ್. ‘ಆಮ್ ನಾಟ್’ನಿಂದಲೇ ಬಂದ ‘ಏಂಟ್ ಐ’ ಅಂದರೆ ಮಾತ್ರ ಕೆಟ್ಟ ಇಂಗ್ಲಿಷ್. ವ್ಯಾಕರಣದ ಲೆಕ್ಕದಲ್ಲಿ ಇದಕ್ಕೆ ಉತ್ತರ ಇಲ್ಲ. ಯಾರ ಬಾಯಿಂದ ಯಾವುದು ಬರುತ್ತಿತ್ತು ಅನ್ನುವುದರಲ್ಲಿ ಮಾತ್ರ ಇದೆ. ಪಾನಿ, ಪಾಣೀ ಗಲಾಟೆಯೂ ಅದೇ ಜಾತಿಯದು. ಊರ ಕಡೆಯವರು ‘ನ’ ಅನ್ನುತ್ತಾರೆ, ಪೇಠೆಯವರು ‘ಣ’ ಅನ್ನುತ್ತಾರೆ. ನಮ್ಮಲ್ಲಿ ಹಾಲಿಗೆ ಆಲು ಅಂದವರನ್ನು ಆಡಿಕೊಳ್ಳುವುದಿಲ್ಲವೇ, ಹಾಗೆ. ಆಡಿಕೊಳ್ಳುವವರೇ ಫೋನಿನಲ್ಲಿ ‘ಏನ್ ಮಾಡ್ತಿದ್ಯಾ’ ಅನ್ನುವಾಗ ಎಷ್ಟು ಸ್ವರ ನುಂಗಿದೆವು ಅಂತ ಲೆಕ್ಕ ಇಡುವುದಿಲ್ಲ.

1961ರಲ್ಲಿ ಅಮೆರಿಕದಲ್ಲಿ ‘ಏಂಟ್’ ವಿಷಯಕ್ಕೆ ದೊಡ್ಡ ಯುದ್ಧವೇ ಆಯಿತು. ಫಿಲಿಪ್ ಗೋವ್ ಸಂಪಾದಕತ್ವದಲ್ಲಿ ವೆಬ್‌ಸ್ಟರ್‌ನ ಮೂರನೇ ಮಹಾನಿಘಂಟು ಹೊರಬಂತು. ‘ಏಂಟ್’ ಹಿಂದಿನ ನಿಘಂಟಿನಲ್ಲೂ ಇತ್ತು. ಈ ಸಲ ಅದರ ಮುಂದೆ ಒಂದು ಟಿಪ್ಪಣಿ ಹಾಕಿದರು: ಇದನ್ನು ಅನೇಕರು ಒಪ್ಪುವುದಿಲ್ಲ, ಕಡಿಮೆ ಓದಿದವರ ಮಾತಿನಲ್ಲಿ ಜಾಸ್ತಿ, ಆದರೆ ದೇಶದ ಬಹುಭಾಗದಲ್ಲಿ ಸುಸಂಸ್ಕೃತರು ಎನಿಸಿಕೊಂಡ ಅನೇಕರೂ ಮಾತಿನಲ್ಲಿ ಬಳಸುತ್ತಾರೆ, ಮುಖ್ಯವಾಗಿ ‘ಏಂಟ್ ಐ’ ಅನ್ನುವಲ್ಲಿ. ಇಷ್ಟೇ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರು. ಪತ್ರಿಕೆಗಳು ನಿಘಂಟೇ ‘ಏಂಟ್’ಗೆ ಪರವಾನಗಿ ಕೊಟ್ಟಿತು ಅಂತ ಕೂಗೆಬ್ಬಿಸಿದವು. ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯ ಬರೆದು ಬೈದಿತು. ಆ ಸಿಟ್ಟಿನ ಫಲವಾಗಿಯೇ 1969ರಲ್ಲಿ ಅಮೆರಿಕನ್ ಹೆರಿಟೇಜ್ ನಿಘಂಟು ಬಂತು. ಯಾವ ಪದ ಸರಿ, ಯಾವುದು ತಪ್ಪು ಅಂತ ಕೈ ಎತ್ತಿ ಹೇಳಲು ಲೇಖಕರ, ಪಂಡಿತರ ಒಂದು ಮಂಡಳಿಯನ್ನೇ ಅದು ಇಟ್ಟುಕೊಂಡಿತು. ‘ಏಂಟ್’ ಮಾತ್ರ ತನ್ನ ಪಾಡಿಗೆ ತಾನು ಬದುಕಿದೆ. 1984ರ ಚುನಾವಣೆಯಲ್ಲಿ ಅಧ್ಯಕ್ಷ ರೇಗನ್ ‘ಯು ಏಂಟ್ ಸೀನ್ ನಥಿಂಗ್ ಯೆಟ್’ ಅನ್ನುತ್ತಾ ತಿರುಗಿದರು. ‘ಏಂಟ್’ ಒಂದು, ಎರಡು ನಿಷೇಧ ಬೇರೆ. ಆ ಚುನಾವಣೆ ಗೆದ್ದರು.

ಕನ್ನಡಿಗರಾದ ನಮಗೆ ಇಂಥ ವಿಷಯದಲ್ಲಿ ಹಳೆಯ ಧೈರ್ಯ ಇದೆ. 9ನೇ ಶತಮಾನದ ಕವಿರಾಜಮಾರ್ಗದಲ್ಲೇ ಒಂದು ಪದ್ಯ ಬರುತ್ತದೆ. ಕನ್ನಡಗಳಲ್ಲಿ ದೋಷ ಇಷ್ಟೇ ಅಂತ ತೀರ್ಮಾನ ಮಾಡಲು ಹೊರಟರೆ ವಾಸುಕಿಗೂ ಬೇಸರ ಬಂದೀತು, ಯಾಕೆಂದರೆ ಒಂದೊಂದು ಕಡೆ ಒಂದೊಂದು ದೇಸಿ. ‘ಕನ್ನಡಂಗಳೊಳ್’ ಅಂತ ಬಹುವಚನವನ್ನೇ ಹಾಕಿದ್ದಾನೆ ಮಹಾರಾಯ. (ಅದೇ ಗ್ರಂಥ ಕನ್ನಡ ನಾಡು ಗೋದಾವರಿಯವರೆಗೆ ಅನ್ನುತ್ತದೆ, ಅಂದರೆ ಪುಣೆ ಒಳಗೇ ಬಂತು. ಲಕ್ಷ್ಮೀ ರಸ್ತೆಯಲ್ಲಿ ನಿಂತು ಜೋರಾಗಿ ಹೇಳಬೇಡಿ.) ನಮ್ಮ ಕಾಲದಲ್ಲಿ ಡಿ. ಎನ್. ಶಂಕರ ಭಟ್ಟರು ಇದೇ ಜಗಳವನ್ನು ಮುಂದುವರಿಸಿದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಕೆಲಸ ಮಾಡಿದ್ದ ಭಾಷಾವಿಜ್ಞಾನಿ ಅವರು. ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಅಚ್ಚಿಗೆ ಸುರಿದು ಕೆಡಿಸಿದ್ದೇವೆ, ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಅನ್ನುವುದು ಅವರ ವಾದ. ಮಾತಿನಲ್ಲಿ ಇಲ್ಲದ ಮಹಾಪ್ರಾಣ ಬರಹದಲ್ಲಿ ಯಾಕೆ ಅಂತ ತಾವೇ ಬಿಟ್ಟು ಬರೆದರು. ಮಹಾಪ್ರಾಣದ ವಿಷಯದಲ್ಲಿ ನಾನು ಅವರ ಜೊತೆ ಇಲ್ಲ, ಕಣ್ಣಿಗೆ ಅಭ್ಯಾಸ ಆಗಿಹೋಗಿದೆ. ಆದರೆ ಅಚ್ಚಿನ ಮಾತು ನಿಜ. 18ನೇ ಶತಮಾನದ ಇಂಗ್ಲಿಷ್ ವೈಯಾಕರಣರ ಕಣ್ಣ ಮುಂದೆ ಇದ್ದದ್ದೂ ಇಂಗ್ಲಿಷಿಗಿಂತ ಜಾಸ್ತಿ ಲ್ಯಾಟಿನ್ನೇ.

ಇನ್ನು ‘ಯಾಲ್’. ‘ಯು ಆಲ್’ ಸೇರಿ ಆದದ್ದು, ಅಮೆರಿಕದ ದಕ್ಷಿಣದವರ ಮಾತು. ಇದು ಇಂಗ್ಲಿಷಿನ ಒಂದು ಹಳೆಯ ಕೊರತೆ ನೀಗಿಸಿದೆ. ಮೊದಲು ಅವರಿಗೂ ನೀನು, ನೀವು ಬೇರೆ ಬೇರೆ ಇದ್ದವು. ನೀನು ಅನ್ನುವ ‘ದೌ’ ಹೋದ ಮೇಲೆ ಒಬ್ಬನಿಗೂ ‘ಯು’, ಹತ್ತು ಜನಕ್ಕೂ ‘ಯು’. ಒಬ್ಬರಿಗೋ ಎಲ್ಲರಿಗೋ ಗೊತ್ತಾಗುವುದಿಲ್ಲ. ಐರ್ಲೆಂಡಿನವರು ‘ಯೂಸ್’ ಮಾಡಿಕೊಂಡರು, ಪಿಟ್ಸ್‌ಬರ್ಗಿನವರು ‘ಯಿನ್ಸ್’ ಮಾಡಿಕೊಂಡರು, ದಕ್ಷಿಣದವರು ‘ಯಾಲ್’. ಶಿಷ್ಟ ಇಂಗ್ಲಿಷ್ ಇನ್ನೂ ಕೈ ಕಟ್ಟಿ ಕೂತಿದೆ.

‘ಇನಿಟ್’ ನಮಗೆ ಇನ್ನೂ ಹತ್ತಿರ. ‘ಯು ಆರ್ ಕಮಿಂಗ್, ಇಸಂಟ್ ಇಟ್?’ ಅಂದರೆ ಭಾರತೀಯರ ತಪ್ಪು ಇಂಗ್ಲಿಷ್ ಅಂತ ನಮ್ಮ ಇಂಗ್ಲಿಷ್ ಮೇಷ್ಟರುಗಳು ಜೀವನಪೂರ್ತಿ ತಿದ್ದಿದರು. ‘ಆರಂಟ್ ಯು’ ಅನ್ನಬೇಕಂತೆ. ನಮಗೇನು, ಅವನು ಬರಲಿ, ಅವಳು ಬರಲಿ, ಮಳೆಯೇ ಬರಲಿ, ಕೊನೆಗೆ ‘ಅಲ್ವಾ’ ಒಂದು ಹಾಕಿದರೆ ಆಯಿತು. ಮರಾಠಿಯಲ್ಲಿ ‘ನಾ’ ಹಾಕಿದರೆ ಆಯಿತು. ಈಗ ಲಂಡನ್ನಿನ ಹುಡುಗರು ಅದೇ ‘ಇಸಂಟ್ ಇಟ್’ ಅನ್ನು ‘ಇನಿಟ್’ ಮಾಡಿಕೊಂಡು ಯಾವ ವಾಕ್ಯಕ್ಕೆ ಬೇಕಾದರೂ ಅಂಟಿಸುತ್ತಿದ್ದಾರೆ. ಅವರಿಗೆ ಯಾರೂ ಕೆಂಪು ಪೆನ್ ಹಿಡಿದು ಹೋಗುವುದಿಲ್ಲ ಅಂತಲ್ಲ, ಹೋಗುತ್ತಾರೆ. ಹುಡುಗರು ಕೇಳುವುದಿಲ್ಲ.

ತಲೆಯ ಮೇಲಿನ ಆ ಸಣ್ಣ ಕೊಕ್ಕೆ, ಅಪಾಸ್ಟ್ರಫಿ, ಅದರ ಬಗ್ಗೆಯೂ ಒಂದು ಮಾತು. ಬರ್ನಾರ್ಡ್ ಶಾ ತಮ್ಮ ನಾಟಕಗಳಲ್ಲಿ ‘ಡೋಂಟ್’, ‘ವೋಂಟ್’ಗಳಿಗೆ ಕೊಕ್ಕೆ ಹಾಕುತ್ತಲೇ ಇರಲಿಲ್ಲ, ಅವು ಪುಟದ ತುಂಬ ಹರಡಿದ ಕ್ರಿಮಿಗಳು ಅಂತ ಬೈಯುತ್ತಿದ್ದರು. 1925ರ ನೊಬೆಲ್ ಅವರಿಗೇ ಬಂತು. ‘ಆಲಿಸ್’ ಕಥೆ ಬರೆದ ಲೂಯಿಸ್ ಕ್ಯಾರೊಲ್‌ದು ಇದಕ್ಕೆ ತಿರುಗಾಮುರುಗಾ. ಅಕ್ಷರ ಎರಡು ಕಡೆ ಬಿದ್ದಿದ್ದರೆ ಕೊಕ್ಕೆಯೂ ಎರಡು ಬೇಕು ಅಂತ ‘ಕಾಂಟ್’, ‘ವೋಂಟ್’ಗೆಲ್ಲ ಎರಡೆರಡು ಹಾಕುತ್ತಿದ್ದರು. ಕೊಕ್ಕೆ ಇರುವುದು ಕಣ್ಣಿಗೆ, ಕಿವಿಗಲ್ಲ. ಅದಕ್ಕೇ ಇಂಗ್ಲಿಷ್ ಮಾತೃಭಾಷೆಯವರು ‘ಶುಡವ್’ (ಶುಡ್ ಹ್ಯಾವ್) ಅನ್ನುವುದನ್ನು ‘ಶುಡ್ ಆಫ್’ ಅಂತ ಬರೆದುಬಿಡುತ್ತಾರೆ. ನಮ್ಮವರು ಈ ತಪ್ಪು ಮಾಡುವುದು ಕಡಿಮೆ. ನಾವು ಇಂಗ್ಲಿಷನ್ನು ಕಿವಿಯಿಂದ ಕಲಿತಿಲ್ಲ, ಪುಸ್ತಕದಿಂದ ಕಲಿತಿದ್ದೇವೆ.

ಪುಸ್ತಕದಿಂದ ಕಲಿತದ್ದಕ್ಕೆ ಬೇರೆ ಕಡೆ ದಂಡ ಕಟ್ಟಬೇಕಾಗುತ್ತದೆ. ಪುಣೆಯ ಐಟಿ ಕಂಪನಿಗಳ ತಾಣ ಹಿಂಜೆವಾಡಿಯಲ್ಲಿ ಕೆಲಸ ಮಾಡುವ ಗದಗ ಕಡೆಯ ಗೆಳೆಯನೊಬ್ಬ ಒಂದು ರಾತ್ರಿ ಸಿಟ್ಟಿನಲ್ಲಿ ಫೋನ್ ಮಾಡಿದ. ‘ಲೇ, ಶುಕ್ರವಾರದೊಳಗ ಮಾಡಬಲ್ಲೆ ಅಂತ ಹೇಳೇನಿ. ಅಂವ ಆಗೂದಿಲ್ಲ ಅಂದ್ಯಲ್ಲ ಅಂತಾನ. ಎಲ್ಲಾರ ಮುಂದ ಸುಳ್ಳ ಆದ್ನೆಲ್ಲೋ.’ ನಡೆದದ್ದು ಇಷ್ಟು. ಇವನು ‘ಐ ಕ್ಯಾನ್ ಡು ಇಟ್ ಬೈ ಫ್ರೈಡೇ’ ಅಂದಿದ್ದಾನೆ. ಆ ಕಡೆಯ ಅಮೆರಿಕನ್ನನಿಗೆ ‘ಕ್ಯಾಂಟ್’ ಅಂತ ಕೇಳಿಸಿದೆ. ಇಬ್ಬರಿಗೂ ಕಿವಿ ಸರಿ ಇದೆ. ಅಮೆರಿಕನ್ನರು ಸಹಜವಾಗಿ ಮಾತಾಡುವಾಗ ‘ಕ್ಯಾನ್’ ಅನ್ನುವುದಿಲ್ಲ, ಅದನ್ನು ಸವೆಸಿ ಹೆಚ್ಚು ಕಡಿಮೆ ‘ಕನ್’ ಅನ್ನುತ್ತಾರೆ. ‘ಕ್ಯಾಂಟ್’ನ ಸ್ವರ ಮಾತ್ರ ಸವೆಯುವುದಿಲ್ಲ, ಪೂರ್ತಿ ಬರುತ್ತದೆ. ಕೊನೆಯ ‘ಟ್’ ಹಲವು ಸಲ ಗಂಟಲಲ್ಲೇ ನಿಂತುಬಿಡುತ್ತದೆ. ಹಾಗಾಗಿ ಅವರ ಕಿವಿ ‘ಟ್’ಗೆ ಕಾಯುವುದಿಲ್ಲ, ಸ್ವರ ನೋಡುತ್ತದೆ. ನಾವು ಪುಸ್ತಕದಲ್ಲಿ ಇದ್ದಂತೆ ಶುದ್ಧವಾಗಿ, ಒತ್ತಿ ‘ಕ್ಯಾನ್’ ಅಂದಾಗ ಅವರಿಗೆ ಅದು ‘ಆಗಲ್ಲ’. ಸವೆಸಬೇಕಾದ ಕಡೆ ಸವೆಸದೇ ಇದ್ದದ್ದಕ್ಕೆ ಅರ್ಥವೇ ತಿರುಗಿತು.

ಅವನಿಗೆ ಹೇಳಿದೆ, ಇನ್ನು ಮೇಲೆ ತಾರೀಕಿನ ವಿಷಯದಲ್ಲಿ ಈ ಎರಡು ಪದದ ಸಹವಾಸವೇ ಬೇಡ. ಆಗುತ್ತದೆ ಅಂದರೆ ‘ಯೆಸ್, ಐ ವಿಲ್ ಡು ಇಟ್’, ಆಗುವುದಿಲ್ಲ ಅಂದರೆ ‘ಐ ಕ್ಯಾನಾಟ್’ ಅಂತ ಬಿಡಿಸಿ ಹೇಳು. ಬ್ರಿಟನ್ ಸರ್ಕಾರದ ವೆಬ್‌ಸೈಟಿಗೆ ಬರೆಯುವವರಿಗೂ ಇಂಥದ್ದೇ ಸೂಚನೆ ಇದೆ. ‘ಕಾಂಟ್’, ‘ಡೋಂಟ್’ ಅಂಥ ನಿಷೇಧದ ಮೊಟಕುಗಳನ್ನು ಬಳಸಬೇಡಿ, ಓದುವವರಲ್ಲಿ ಅನೇಕರಿಗೆ ಅವು ಕಷ್ಟ, ಕೆಲವರು ತದ್ವಿರುದ್ಧ ಅರ್ಥ ಮಾಡಿಕೊಳ್ಳುತ್ತಾರೆ ಅಂತ. ಭಾಷೆ ಕೆಡುತ್ತದೆ ಅಂತ ಅಲ್ಲೆಲ್ಲೂ ಬರೆದಿಲ್ಲ. ಓದುವವನಿಗೆ ತಪ್ಪು ತಿಳಿಯಬಾರದು ಅನ್ನುವುದಷ್ಟೇ ಕಾರಣ. ಇಂಥ ನಿಯಮಕ್ಕೆ ನಾನು ತಕರಾರಿಲ್ಲದೆ ತಲೆಬಾಗುತ್ತೇನೆ. ಮಗಳ ಪರೀಕ್ಷೆಯ ಪ್ರಬಂಧದಲ್ಲಿ ‘ಗೋಯಿಂಗ್ ಟು’ ಅಂತಲೇ ಬರೆಸುತ್ತೇನೆ, ಮಾರ್ಕ್ಸ್ ಬೇಕಲ್ಲ. ಅವಳು ಊಟಕ್ಕೆ ಕೂತು ‘ಐಮ್ ಗೊನ್ನಾ’ ಅಂದರೆ ತಿದ್ದುವುದಿಲ್ಲ. ಗೆಳೆಯ ಮಾತ್ರ ಇನ್ನೂ ‘ಕನ್’ ಅನ್ನುವುದನ್ನು ರೂಢಿ ಮಾಡಾಕತ್ಯಾನ.